ಕ್ಯಾನ್ಸರ್ ತಡವಾಗಿ ಗೊತ್ತಾಯಿತು: ಕೇಸ್ ಹಾಕಬೇಕಾ, ದೂರು ಕೊಡಬೇಕಾ, ಬಿಟ್ಟುಬಿಡಬೇಕಾ?

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಇದು ಎಷ್ಟೋ ಮನೆಗಳಲ್ಲಿ ಆಗುತ್ತದೆ. ಬಾಯಲ್ಲಿ ಹುಣ್ಣಾದರೆ ಬಿ ಕಾಂಪ್ಲೆಕ್ಸ್ ಮಾತ್ರೆ, ಹಚ್ಚಲಿಕ್ಕೆ ಒಂದು ಮುಲಾಮು. ಮಲದಲ್ಲಿ ರಕ್ತ ಬಂದರೆ ಮೂಲವ್ಯಾಧಿ. ಕೆಮ್ಮು ನಿಲ್ಲದಿದ್ದರೆ ಟಿಬಿ. ಎದೆಯಲ್ಲಿ ಗಂಟು ಅಂದರೆ "ಹಾಲಿನ ಗಂಟು, ಕರಗುತ್ತದೆ". ಹೀಗೇ ತಿಂಗಳುಗಟ್ಟಲೆ ನಡೆದು, ಕೊನೆಗೆ ಹುಬ್ಬಳ್ಳಿಗೋ, ಬೆಂಗಳೂರಿನ ಕಿದ್ವಾಯಿಗೋ, ಹೈದರಾಬಾದಿಗೋ ಹೋದರೆ ಅಲ್ಲಿನವರು ಕೇಳುವ ಮೊದಲ ಮಾತು: "ಇಷ್ಟು ದಿನ ಏನ್ ಮಾಡ್ತಿದ್ರಿ?" ಏನು ಮಾಡ್ತಿದ್ದೆವು ಅಂದರೆ, ಡಾಕ್ಟರ್ ಹತ್ತಿರಾನೇ ಓಡಾಡ್ತಿದ್ದೆವು! ಆ ಸಂಕಟ ಅನುಭವಿಸಿದವರಿಗೇ ಗೊತ್ತು.

ಆಗ ಮನೆಯಲ್ಲಿ ಒಬ್ಬರು ಕೇಸ್ ಹಾಕೋಣ ಅಂತಾರೆ, ಇನ್ನೊಬ್ಬರು ಡಾಕ್ಟರ ಮೇಲೆ ಕೇಸ್ ಹಾಕಿ ಗೆದ್ದವರುಂಟಾ ಅಂತಾರೆ, ಮೂರನೆಯವರು ಪೊಲೀಸ್ ಸ್ಟೇಷನ್ನಿಗೆ ನಡೀರಿ ಅಂತ ಎದ್ದು ನಿಲ್ಲುತ್ತಾರೆ. ನಾನು ವಕೀಲನಲ್ಲ. ನಮ್ಮ ದೊಡ್ಡಪ್ಪನಿಗೆ ಹೀಗಾದಾಗ ಫೈಲ್ ಹಿಡಿದು ಓಡಾಡಿದವನು, ಆಮೇಲೆ ಪರಿಚಯದ ನಾಲ್ಕಾರು ಮನೆಯವರ ಜೊತೆ ಕೂತು ಅವರ ಫೈಲನ್ನೂ ನೋಡಿದವನು. ಯಾವ ದಾರಿಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಕಾಗದ

ಚಿಕಿತ್ಸೆ ನಿಲ್ಲಿಸಬೇಡಿ. ಕೀಮೋ ಇರಲಿ, ಕರೆಂಟ್ (ರೇಡಿಯೇಷನ್) ಕೊಡಿಸುವುದಿರಲಿ, ಅದು ಅದರ ಪಾಡಿಗೆ ನಡೆಯಲಿ. ಆದರೆ ಕಾಗದ ಜೋಡಿಸುವ ಕೆಲಸವನ್ನು ಆಮೇಲೆ ನೋಡೋಣ ಅಂತ ಮುಂದೂಡಬೇಡಿ. ವೈದ್ಯರ ನಡವಳಿಕೆಗೆ 2002ರ ನಿಯಮಗಳಿವೆ. ಅದರ ಪ್ರಕಾರ, ಆಸ್ಪತ್ರೆಯಲ್ಲಿ ಸೇರಿದ್ದ ರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು, ರೋಗಿ ಅಥವಾ ಅವರ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಿದರೆ "ನಾಳೆ ಬನ್ನಿ" ಅಂತಾರೆ. ಬರೆದು ಕೊಡಿ, ನಕಲಿನ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು.

ಸಣ್ಣ ಕ್ಲಿನಿಕ್ಕುಗಳಲ್ಲಿ ಅವರ ಹತ್ತಿರ ಏನೂ ಉಳಿದಿರುವುದಿಲ್ಲ. ನಿಮ್ಮ ಕೈಯಲ್ಲಿರುವ ಚೀಟಿಯೇ ಸಾಕ್ಷಿ. ಮೆಡಿಕಲ್ ಶಾಪಿನ ಬಿಲ್ಲು, ಲ್ಯಾಬಿನ ರಸೀದಿ, ಫೋನ್‌ಪೇಯಲ್ಲಿ ಫೀ ಕಟ್ಟಿದ್ದು, ವಾಟ್ಸಾಪಿನಲ್ಲಿ ರಿಪೋರ್ಟ್ ಕಳಿಸಿದ್ದು, ಎಲ್ಲವೂ ನೀವು ಆ ದಿನ ಅಲ್ಲಿಗೆ ಹೋಗಿದ್ದಿರಿ ಅಂತ ತೋರಿಸುತ್ತವೆ. ಬಯಾಪ್ಸಿ (ಮಾಂಸದ ಚೂರು ತೆಗೆದು ಮಾಡುವ ಪರೀಕ್ಷೆ) ಆಗಿದ್ದರೆ ಸ್ಲೈಡ್ ಮತ್ತು ಬ್ಲಾಕ್ ಕೇಳಿ. ಸ್ಲೈಡ್ ಅಂದರೆ ಆ ಚೂರಿನ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿ. ಬ್ಲಾಕ್ ಅಂದರೆ ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಕೂರಿಸಿದ ಪುಟ್ಟ ಬಿಲ್ಲೆ, ಮೇಲೆ ಒಂದು ನಂಬರ್ ಇರುತ್ತದೆ. ಹಳೇ ರಿಪೋರ್ಟಿನಲ್ಲಿ "ಕ್ಯಾನ್ಸರ್ ಇಲ್ಲ" ಅಂತ ಬಂದಿದ್ದರೆ, ಅದೇ ಬ್ಲಾಕನ್ನು ಬೇರೆ ಕಡೆ ಮತ್ತೆ ಓದಿಸಬಹುದು. ಮೊದಲೇ ಇದ್ದ ರೋಗ ಕಣ್ತಪ್ಪಿತಾ ಅಥವಾ ಆಗ ನಿಜಕ್ಕೂ ಇರಲಿಲ್ಲವಾ ಅಂತ ತಿಳಿಯಲು ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಇನ್ನೊಂದು ಮಾತು, ಹೇಳಲಿಕ್ಕೆ ಕಷ್ಟ ಆದರೂ ಹೇಳಲೇಬೇಕು. ರೋಗಿ ಚೆನ್ನಾಗಿ ಮಾತಾಡುತ್ತಿರುವಾಗಲೇ ಅವರ ಹೇಳಿಕೆಯನ್ನು ಅಫಿಡವಿಟ್ (ಪ್ರಮಾಣಪತ್ರ) ಮಾಡಿಸಿ ನೋಟರಿ ಹಾಕಿಸಿಡಿ. ಯಾವ ಡಾಕ್ಟರ್ ಏನು ಕೇಳಿದರು, ಬಾಯಿ ತೆರೆದು ನೋಡಿದರಾ, ಕೈಯಿಂದ ಮುಟ್ಟಿ ನೋಡಿದರಾ, ಮತ್ತೆ ಯಾವಾಗ ಬಾ ಅಂದರು, ಇದೆಲ್ಲ ಗೊತ್ತಿರುವುದು ಅವರೊಬ್ಬರಿಗೇ. ಬಾಯಿ ಕ್ಯಾನ್ಸರಿನವರಿಗೆ ಆಪರೇಷನ್ ಆದಮೇಲೆ ಮಾತೇ ಹೊರಡದಿರಬಹುದು.

ತಡ ಬೇರೆ, ತಪ್ಪು ಬೇರೆ

ಕೇಸ್ ನಿಲ್ಲುತ್ತದೋ ಬೀಳುತ್ತದೋ ಅನ್ನುವುದು ಎಷ್ಟು ತಿಂಗಳು ತಡ ಆಯಿತು ಅನ್ನುವುದರ ಮೇಲೆ ಹೋಗುವುದಿಲ್ಲ. ಯಾವ ದಿನ, ಯಾರು, ಏನು ಮಾಡಬೇಕಿತ್ತು, ಮಾಡಿದ್ದರೆ ಏನು ಬದಲಾಗುತ್ತಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಇದನ್ನು ಒಂದು ಹಾಳೆಯಲ್ಲಿ ಬರೆಯಿರಿ. ತಾರೀಕು, ಡಾಕ್ಟರ್, ನಾವು ಹೇಳಿದ ತೊಂದರೆ, ಅವರು ಮಾಡಿದ್ದು, ಕೊಟ್ಟ ಔಷಧಿ. ಬರೆದು ಮುಗಿಸುವ ಹೊತ್ತಿಗೆ ಅರ್ಧ ಉತ್ತರ ನಿಮಗೇ ಸಿಕ್ಕಿರುತ್ತದೆ.

ಬಾಯಿ ಹುಣ್ಣನ್ನೇ ತಗೊಳ್ಳಿ. ಗುಟ್ಕಾ, ತಂಬಾಕು ಹಾಕುವವರ ಬಾಯಲ್ಲಿ ಎರಡು ಮೂರು ವಾರವಾದರೂ ವಾಸಿಯಾಗದ ಹುಣ್ಣಿದ್ದರೆ ಬಯಾಪ್ಸಿಗೆ ಕಳಿಸಬೇಕು ಅನ್ನುವುದು ಎಲ್ಲ ಡಾಕ್ಟರಿಗೂ ಗೊತ್ತಿರುವ ವಿಷಯ. ಮೊದಲ ಸಲ ಹೋದಾಗ ಮಾತ್ರೆ ಕೊಟ್ಟಿದ್ದು ತಪ್ಪಲ್ಲ. ಅದೇ ಡಾಕ್ಟರ್ ಹತ್ತಿರ ಅದೇ ಹುಣ್ಣಿಗೆ ನಾಲ್ಕನೇ ಸಲ ಹೋದಾಗಲೂ ಅದೇ ಮಾತ್ರೆ ಬರೆದಿದ್ದರೆ ಅಲ್ಲಿ ಕೇಸಿಗೆ ಬಲ ಇದೆ. ಇದೇ ಜಾಗದಲ್ಲಿ ಜನ ಎಡವುತ್ತಾರೆ: ನಾಲ್ಕು ಸಲ ನಾಲ್ಕು ಬೇರೆ ಡಾಕ್ಟರಿಗೆ ತೋರಿಸಿದ್ದರೆ, ಪ್ರತಿಯೊಬ್ಬರಿಗೂ ಅದು "ಮೊದಲ ಸಲ" ಆಗಿಬಿಡುತ್ತದೆ.

ಟಿಬಿಯ ಕಥೆ ಇನ್ನೂ ಜಟಿಲ. ಎಕ್ಸ್‌ರೇಯಲ್ಲಿ ಟಿಬಿ, ಶ್ವಾಸಕೋಶದ ಕ್ಯಾನ್ಸರ್ ಎರಡೂ ಒಂದೇ ತರ ಕಾಣಬಹುದು. ಕಫದಲ್ಲಿ ಕ್ರಿಮಿ ಸಿಗದಿದ್ದರೂ ಲಕ್ಷಣ ನೋಡಿ ಟಿಬಿ ಮಾತ್ರೆ ಶುರು ಮಾಡುವುದಕ್ಕೆ ಅವಕಾಶವಿದೆ. ಆದ್ದರಿಂದ ಶುರು ಮಾಡಿದ್ದನ್ನೇ ತಪ್ಪು ಅನ್ನಲಾಗದು. ಕೇಳಬೇಕಿರುವುದು ಆಮೇಲಿನದು: ಎರಡು ತಿಂಗಳು ಮಾತ್ರೆ ನುಂಗಿದರೂ ತೂಕ ಇಳಿಯುತ್ತಲೇ ಹೋಯಿತು, ಕಫದಲ್ಲಿ ರಕ್ತ ಬಂತು, ಆಗಲೂ ಸಿಟಿ ಸ್ಕ್ಯಾನ್ ಮಾಡಿಸದೆ ಆರು ತಿಂಗಳ ಕೋರ್ಸ್ ಮುಗಿಸಿ ಅಂದರಾ?

ಇದಕ್ಕಿಂತ ಗಟ್ಟಿಯಾದದ್ದು, ರಿಪೋರ್ಟ್ ಬಂದಿತ್ತು ಆದರೆ ಯಾರೂ ಹೇಳಲಿಲ್ಲ ಅನ್ನುವಂಥ ಪ್ರಕರಣ. ಗರ್ಭಕೋಶ ತೆಗೆದ ಮೇಲೆ ಪರೀಕ್ಷೆಗೆ ಕಳಿಸಿದ್ದ ರಿಪೋರ್ಟ್ ಫೈಲಿನಲ್ಲೇ ಉಳಿದು, ಒಂದು ವರ್ಷದ ಮೇಲೆ ರೋಗ ಹರಡಿದಾಗ ಹೊರಬಂದರೆ, ಅಲ್ಲಿ ವಾದಿಸುವುದಕ್ಕೆ ಅವರ ಹತ್ತಿರ ಜಾಸ್ತಿ ಏನೂ ಇರುವುದಿಲ್ಲ.

ನಿಮ್ಮ ಚೀಟಿಗಳನ್ನು ಇಂಗ್ಲಿಷ್ ಚೆನ್ನಾಗಿ ಬರುವವರಿಂದ ಒಮ್ಮೆ ಓದಿಸಿ, ಅದೂ ಕೊನೆಯ ಸಾಲಿನವರೆಗೆ. ದೊಡ್ಡಪ್ಪನ ಚೀಟಿಗಳಲ್ಲಿ ಒಂದರ ಕೆಳಗಡೆ ಮೂಲೆಯಲ್ಲಿ, ಮಾತ್ರೆಗಳ ಹೆಸರಿನ ಕೆಳಗೆ, ಅರ್ಧ ಅಳಿಸಿದ ಬಾಲ್ ಪೆನ್ನಿನಲ್ಲಿ "ಅಡ್ವೈಸ್ ಬಯಾಪ್ಸಿ" ಅಂತ ಗೀಚಿತ್ತು. ಸಿರುಗುಪ್ಪದ ಮನೆಯಲ್ಲಿ ಅದನ್ನು ಓದಿದವರೇ ಇರಲಿಲ್ಲ. ಡಾಕ್ಟರ್ ಬಾಯಲ್ಲಿ ಹೇಳಿದ್ದು "ಗುಟ್ಕಾ ಬಿಡ್ರಿ, ಕಮ್ಮಿ ಆಗ್ತೈತಿ" ಅಷ್ಟೇ. ಈ ಒಂದು ಸಾಲು ಕೇಸನ್ನೇ ತಿರುಗಿಸುತ್ತದೆ. ಎದುರು ವಕೀಲರು "ನಾವು ಬರೆದುಕೊಟ್ಟಿದ್ದೆವು, ನೀವೇ ಮಾಡಿಸಲಿಲ್ಲ" ಅಂತಾರೆ. ನಾವು "ನಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲಿಲ್ಲ" ಅನ್ನಬಹುದು, ಅದು ನ್ಯಾಯವಾದ ಮಾತೇ. ಆದರೆ ಕೇಸ್ ಅಲ್ಲಿಗೆ ಸಡಿಲವಾಯಿತು. ಮಧ್ಯದಲ್ಲಿ ನಾಟಿ ಔಷಧಿಗೆ ಹೋಗಿ ಮೂರು ತಿಂಗಳು ಕಳೆದಿದ್ದರೆ ಅದನ್ನೂ ನಿಮ್ಮ ವಕೀಲರಿಗೆ ಮುಚ್ಚಿಡದೆ ಹೇಳಿ.

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಬೇಗ ಗೊತ್ತಾಗಿದ್ದರೆ ಏನು ಬೇರೆಯಾಗುತ್ತಿತ್ತು? ಈಗ ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ಡಾಕ್ಟರನ್ನೇ ಸಮಾಧಾನದಿಂದ ಕೇಳಿ. ಎರಡನೇ ಸ್ಟೇಜಿನಲ್ಲಿ ಸಿಗಬೇಕಿದ್ದದ್ದು ನಾಲ್ಕನೇ ಸ್ಟೇಜಿನಲ್ಲಿ ಸಿಕ್ಕಿತು, ಸಣ್ಣ ಆಪರೇಷನ್ನಿನಲ್ಲಿ ಮುಗಿಯಬೇಕಿದ್ದಕ್ಕೆ ದವಡೆ ತೆಗೆಯಬೇಕಾಯಿತು ಅಂತಿದ್ದರೆ ನಷ್ಟ ಕಣ್ಣಿಗೆ ಕಾಣುತ್ತದೆ. ಕೆಲವು ಕ್ಯಾನ್ಸರುಗಳು ಬೇಗ ಗೊತ್ತಾಗಿದ್ದರೂ ಅದೇ ದಾರಿ ಹಿಡಿಯುತ್ತವೆ. ಹಾಗಿದ್ದರೆ ಡಾಕ್ಟರ್ ತಪ್ಪು ಸಾಬೀತಾದರೂ ಪರಿಹಾರ ಕಡಿಮೆಯಾಗಬಹುದು, ಸಿಗದೇ ಹೋಗಬಹುದು.

ಗ್ರಾಹಕರ ಕೋರ್ಟ್: ಹಣ ಬೇಕಿದ್ದರೆ ಇದೇ

ಪರಿಹಾರ ಬೇಕು ಅನ್ನುವವರಿಗೆ ನನ್ನ ಮಟ್ಟಿಗೆ ಇದು ಮೊದಲ ಆಯ್ಕೆ. ಗ್ರಾಹಕರ ಕೋರ್ಟ್ ಅಂತ ನಾವು ಕರೆಯುವ ಜಿಲ್ಲಾ ಗ್ರಾಹಕರ ಆಯೋಗ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಇದೆ. ಆಸ್ಪತ್ರೆ ಹೈದರಾಬಾದಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 2019ರ ಗ್ರಾಹಕರ ಕಾಯ್ದೆ ತಂದ ದೊಡ್ಡ ಅನುಕೂಲ ಇದು. ವೈದ್ಯಸೇವೆ ಗ್ರಾಹಕರ ಕಾಯ್ದೆಯೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ, ಹಳೇ ಕಾಯ್ದೆ ಇದ್ದಾಗಲೇ ಹೇಳಿದೆ.

ಶುಲ್ಕದ ಲೆಕ್ಕ ಬಹಳ ಜನರಿಗೆ ಗೊತ್ತಿಲ್ಲ. ನೀವು ಎಷ್ಟು ಪರಿಹಾರ ಕೇಳುತ್ತೀರಿ ಅನ್ನುವುದರ ಮೇಲಲ್ಲ, ಆ ಆಸ್ಪತ್ರೆಗೆ ಎಷ್ಟು ಕಟ್ಟಿದ್ದಿರಿ ಅನ್ನುವುದರ ಮೇಲೆ ಶುಲ್ಕ. 5 ಲಕ್ಷದವರೆಗೆ ಕಟ್ಟಿದ್ದರೆ ಸೊನ್ನೆ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ಕಟ್ಟಿದ್ದು 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೇ ಬರುತ್ತದೆ. ಇದನ್ನೇ ಸಿವಿಲ್ ಕೋರ್ಟಿನಲ್ಲಿ ಹಾಕಿದರೆ ಕೇಳುವ ಪರಿಹಾರದ ಮೇಲೆ ಕೋರ್ಟ್ ಫೀ ಬೀಳುತ್ತದೆ, ಅದು ಬಡವರಿಗೆ ಭಾರ.

ಅವಧಿ 2 ವರ್ಷ. ಯಾವಾಗಿನಿಂದ ಎಣಿಸಬೇಕು ಅನ್ನುವುದೇ ಜಗಳದ ವಿಷಯ. ತಪ್ಪು ಬೆಳಕಿಗೆ ಬಂದ ದಿನದಿಂದ ಅನ್ನುವ ವಾದವನ್ನು ಕೋರ್ಟು ಒಪ್ಪಿದೆ, ಆದರೆ ಸುಮ್ನೆ ಕೂತವರನ್ನು ಒಪ್ಪಿಲ್ಲ. 1993ರಲ್ಲಿ ಆಪರೇಷನ್ ಆದ ಮಹಿಳೆಯೊಬ್ಬರ ಹೊಟ್ಟೆಯಲ್ಲಿ ಉಳಿದಿದ್ದ ಗಾಜ್ ಬಟ್ಟೆ 2002ರಲ್ಲಿ ಸಿಕ್ಕಿತು, ಅವರು 2004ರಲ್ಲಿ ದೂರು ಕೊಟ್ಟರು. ಅಷ್ಟು ವರ್ಷ ನೋವಿದ್ದರೂ ಆಪರೇಷನ್ ಮಾಡಿದ ಡಾಕ್ಟರನ್ನು ಯಾಕೆ ಕೇಳಲಿಲ್ಲ ಅಂತ ಹೇಳಿ ಸುಪ್ರೀಂ ಕೋರ್ಟ್ 2010ರಲ್ಲಿ ದೂರನ್ನು ತಳ್ಳಿಹಾಕಿತು. ಆದ್ದರಿಂದ ಬಯಾಪ್ಸಿ ರಿಪೋರ್ಟ್ ಬಂದ ದಿನವನ್ನೂ ನಂಬಿ ಕೂರಬೇಡಿ. ತಪ್ಪು ನಡೆದ ಭೇಟಿಯ ತಾರೀಕಿನಿಂದಲೇ ಎರಡು ವರ್ಷ ಎಣಿಸಿ, ಅದರೊಳಗೆ ಹಾಕಿ. ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು, ಸಿಗುತ್ತದೆ ಅಂತ ಖಾತ್ರಿ ಇಲ್ಲ. ರೋಗಿ ತೀರಿಕೊಂಡಿದ್ದರೆ ವಾರಸುದಾರರು ಹಾಕಬಹುದು.

ಕಾಯ್ದೆ 3ರಿಂದ 5 ತಿಂಗಳಲ್ಲಿ ಮುಗಿಸಬೇಕು ಅನ್ನುತ್ತದೆ. ಹಾಗೆ ಮುಗಿಯುವುದಿಲ್ಲ, ವರ್ಷಗಳು ಹಿಡಿಯುತ್ತವೆ. ಗೆದ್ದರೂ ಎದುರಿನವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಅಪೀಲು ಹೋಗಬಹುದು, ಆಗ ಆದೇಶದ ಅರ್ಧ ಹಣ ಕಟ್ಟಿಯೇ ಹೋಗಬೇಕು. ಸಮಾಧಾನದ ಸಂಗತಿ ಅಂದರೆ ಸಾಕ್ಷಿ ಹೆಚ್ಚಾಗಿ ಅಫಿಡವಿಟ್ಟಿನಲ್ಲೇ ನಡೆಯುತ್ತದೆ. ಕೀಮೋ ತಗೊಳ್ಳುತ್ತಿರುವವರನ್ನು ಪ್ರತಿ ವಾಯಿದೆಗೂ ಕರೆದೊಯ್ಯುವ ಅಗತ್ಯವಿಲ್ಲ. ತಜ್ಞರ ಅಭಿಪ್ರಾಯ ಸಿಗುವುದು ಕಷ್ಟ, ಡಾಕ್ಟರ್ ವಿರುದ್ಧ ಬರೆದುಕೊಡುವ ಡಾಕ್ಟರ್ ನಮ್ಮೂರಲ್ಲಿ ಸಿಗುವುದು ಇನ್ನೂ ಕಷ್ಟ. ಆದರೆ ಪ್ರತಿ ಕೇಸಿಗೂ ತಜ್ಞರು ಬೇಕೇ ಬೇಕು ಅಂತಿಲ್ಲ. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಮಲೇರಿಯಾ ಇದ್ದ ಮಹಿಳೆಗೆ ಟೈಫಾಯ್ಡ್ ಅಂತ ಚಿಕಿತ್ಸೆ ಕೊಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ಡಿಗ್ರಿ ಇಲ್ಲದೆ ಆರ್‌ಎಂಪಿ ಅಂತ ಬೋರ್ಡ್ ಹಾಕಿಕೊಂಡವರು, ಅಥವಾ ಬೇರೆ ಪದ್ಧತಿ ಓದಿ ಇಂಗ್ಲಿಷ್ ಔಷಧಿ ಕೊಟ್ಟವರು ತಡಕ್ಕೆ ಕಾರಣವಾಗಿದ್ದರೆ? ಹೋಮಿಯೋಪತಿ ಓದಿದವರು ಅಲೋಪತಿ ಔಷಧಿ ಕೊಟ್ಟಿದ್ದೇ ನಿರ್ಲಕ್ಷ್ಯ ಅಂತ 1996ರಲ್ಲಿ ತೀರ್ಪಾಗಿದೆ. ಕೇಸ್ ಬಲವಾಗಿಯೇ ಇರುತ್ತದೆ, ಆದರೆ ಅವರಿಂದ ಹಣ ವಸೂಲಿ ಮಾಡುವುದು ಬೇರೆ ಮಾತು. ದೊಡ್ಡ ಆಸ್ಪತ್ರೆಗಳಿಗೆ, ಎಷ್ಟೋ ಡಾಕ್ಟರುಗಳಿಗೆ ಇಂಥದ್ದಕ್ಕೇ ವಿಮೆ ಇರುತ್ತದೆ, ಕೊಡುವುದು ವಿಮಾ ಕಂಪನಿ.

ಡಿಸಿ ಕಡೆಗೆ, ಮೆಡಿಕಲ್ ಕೌನ್ಸಿಲ್ ಕಡೆಗೆ

ಎಲ್ಲರಿಗೂ ಹಣವೇ ಬೇಕಿರುವುದಿಲ್ಲ. ಗಂಗಾವತಿ ಕಡೆಯ ಒಬ್ಬ ಅಕ್ಕ ನನ್ನ ಮುಂದೆ ಹೇಳಿದ್ದು: "ರೊಕ್ಕ ತಗೊಂಡು ಏನ್ ಮಾಡ್ಲಿ ತಮ್ಮಾ, ಇನ್ನೊಬ್ಬರ ಮನಿಯಾಗ ಹಿಂಗ ಆಗಬಾರ್ದು." ಇವರಂಥವರಿಗೆ ಎರಡು ದಾರಿ.

ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್ ಎಲ್ಲವೂ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಆಗಿರಬೇಕು. ಅದಕ್ಕೆ ಜಿಲ್ಲಾಧಿಕಾರಿ (ಡಿಸಿ) ಅಧ್ಯಕ್ಷತೆಯ ಪ್ರಾಧಿಕಾರವಿದೆ, ದೂರನ್ನೂ ಅದು ಕೇಳುತ್ತದೆ. ನೋಂದಣಿ ಇಲ್ಲದ ಲ್ಯಾಬ್, ಅರ್ಹತೆ ಇಲ್ಲದವರು ನಡೆಸುವ ಕ್ಲಿನಿಕ್, ದಾಖಲೆ ಕೊಡದೆ ಸತಾಯಿಸುವ ಆಸ್ಪತ್ರೆ, ಇಂಥದ್ದಕ್ಕೆ ಇದು ಸರಿಯಾದ ಜಾಗ. ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ದೂರು ಕೊಟ್ಟು ಇನ್‌ವರ್ಡ್ ನಂಬರ್ ತಗೊಳ್ಳಿ, ಸ್ವಲ್ಪ ದಿನ ಬಿಟ್ಟು ಲಿಖಿತ ಹಿಂಬರಹ, ಅಂದರೆ ದೂರಿಗೆ ಬರೆದು ಕೊಡುವ ಉತ್ತರ ಕೇಳಿ.

ಕರ್ನಾಟಕ ವೈದ್ಯಕೀಯ ಪರಿಷತ್ತು ಬೆಂಗಳೂರಿನಲ್ಲಿದೆ. ಎಂಬಿಬಿಎಸ್ ಮತ್ತು ಅದಕ್ಕಿಂತ ಹೆಚ್ಚು ಓದಿದ ಡಾಕ್ಟರ ಮೇಲೆ ಅಲ್ಲಿ ದೂರು ಕೊಡಬಹುದು. ಅದು ಎಚ್ಚರಿಕೆ ಕೊಡಬಹುದು, ನೋಂದಣಿಯನ್ನು ಕೆಲಕಾಲ ತಡೆಹಿಡಿಯಬಹುದು. ಪರಿಹಾರ ಕೊಡುವ ಅಧಿಕಾರ ಅದಕ್ಕಿಲ್ಲ. ಡಾಕ್ಟರುಗಳೇ ಡಾಕ್ಟರನ್ನು ವಿಚಾರಿಸುವುದರಿಂದ ಪಕ್ಷಪಾತ ಆಗುತ್ತದೆ ಅನ್ನುವ ದೂರು ಇದೆ. ಆದರೂ ಆ ಡಾಕ್ಟರ್ ಒಂದೊಂದು ಭೇಟಿಗೂ ಲಿಖಿತ ಉತ್ತರ ಕೊಡಬೇಕಾಗುತ್ತದೆ, ಎಷ್ಟೋ ಮನೆಯವರು ಹುಡುಕುತ್ತಿರುವುದು ಆ ಉತ್ತರವನ್ನೇ. ಅಲ್ಲಿ ನಿರ್ಲಕ್ಷ್ಯ ಅಂತ ಆದೇಶವಾದರೆ ಗ್ರಾಹಕರ ಕೋರ್ಟಿನಲ್ಲೂ ಉಪಯೋಗಕ್ಕೆ ಬರುತ್ತದೆ. ತಳ್ಳಿಹಾಕಿದರೆ ಎದುರಿನವರು ಅದನ್ನೇ ಹಿಡಿದು ನಿಲ್ಲುತ್ತಾರೆ. ಇದನ್ನು ಯೋಚಿಸಿಯೇ ಹೆಜ್ಜೆ ಇಡಿ. ಪರಿಷತ್ತಿನ ವಿಚಾರಣೆ ಮುಗಿಯಲಿ ಅಂತ ಕಾಯುತ್ತಾ ಎರಡು ವರ್ಷದ ಅವಧಿಯನ್ನಂತೂ ಕಳೆದುಕೊಳ್ಳಬೇಡಿ.

ಪೊಲೀಸ್ ಸ್ಟೇಷನ್

ತಡವಾದ ರೋಗಪತ್ತೆಗೆ ಇದು ಸರಿಹೊಂದುವುದು ತೀರಾ ಅಪರೂಪ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ವೈದ್ಯರ ನಿರ್ಲಕ್ಷ್ಯದಿಂದ ಸಾವಾದರೆ 2 ವರ್ಷದವರೆಗೆ ಶಿಕ್ಷೆ ಇದೆ. ಆದರೆ ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಸಾಮಾನ್ಯ ತಪ್ಪು ಸಾಲದು, ಘೋರ ನಿರ್ಲಕ್ಷ್ಯವೇ ಇರಬೇಕು, ಪೊಲೀಸರು ಮೊದಲು ಬೇರೆ ಡಾಕ್ಟರ ಅಭಿಪ್ರಾಯ ಪಡೆಯಬೇಕು. ಸುಳ್ಳು ರಿಪೋರ್ಟ್ ಕೊಟ್ಟಿದ್ದಾರೆ, ದಾಖಲೆ ತಿದ್ದಿದ್ದಾರೆ, ಡಿಗ್ರಿಯೇ ಇಲ್ಲ, ಇಂಥದ್ದಿದ್ದರೆ ಮಾತ್ರ ಸ್ಟೇಷನ್ ಮೆಟ್ಟಿಲು ಹತ್ತಿ. ಸಿಟ್ಟಿನಲ್ಲಿ ಆಸ್ಪತ್ರೆ ಗಾಜು ಒಡೆದರೆ ಆಸ್ಪತ್ರೆ ಮೇಲಿನ ಹಲ್ಲೆ ತಡೆಯುವ 2009ರ ರಾಜ್ಯ ಕಾಯ್ದೆಯಡಿ ನಿಮ್ಮ ಮಗನೇ ಜೈಲಿಗೆ ಹೋಗುತ್ತಾನೆ, ನ್ಯಾಯವಾದ ಕೇಸೂ ಹಾಳಾಗುತ್ತದೆ.

ಸರ್ಕಾರಿ ಆಸ್ಪತ್ರೆಯಾದರೆ

ಬಳ್ಳಾರಿಯ ವಿಮ್ಸ್ (ಈಗ ಬಿಎಂಸಿಆರ್‌ಸಿ), ರಾಯಚೂರಿನ ರಿಮ್ಸ್, ಕೊಪ್ಪಳದ ಮೆಡಿಕಲ್ ಕಾಲೇಜು, ತಾಲ್ಲೂಕು ಆಸ್ಪತ್ರೆಗಳು, ಬಡವರು ಮೊದಲು ಹೋಗುವುದು ಇಂಥ ಕಡೆಗೇ. 1995ರ ತೀರ್ಪಿನ ಪ್ರಕಾರ ಎಲ್ಲರಿಗೂ ಪೂರ್ತಿ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆ ಗ್ರಾಹಕರ ಕಾಯ್ದೆಗೆ ಬರುವುದಿಲ್ಲ. ಹೆಸರು ಬರೆಸುವ ಚಿಲ್ಲರೆ ಫೀ ಕಟ್ಟಿದ್ದು ಲೆಕ್ಕಕ್ಕಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ಕೊಡುವ ಆಸ್ಪತ್ರೆಯಾದರೆ ಉಚಿತ ರೋಗಿಯೂ ಗ್ರಾಹಕರೇ. ನೀವು ಹೋದ ಆಸ್ಪತ್ರೆ ಯಾವ ಗುಂಪಿಗೆ ಸೇರುತ್ತದೆ ಅನ್ನುವುದನ್ನು ವಕೀಲರ ಹತ್ತಿರ ಮೊದಲು ಖಚಿತ ಮಾಡಿಕೊಳ್ಳಿ. ಗ್ರಾಹಕರ ಕಾಯ್ದೆಗೆ ಬರದಿದ್ದರೆ ಲೋಕಾಯುಕ್ತ ಇದೆ, ಒಂದು ವರ್ಷದೊಳಗಾದರೆ ಮಾನವ ಹಕ್ಕುಗಳ ಆಯೋಗ ಇದೆ, ಹೈಕೋರ್ಟಿನಲ್ಲಿ ರಿಟ್ (ಸರ್ಕಾರದ ವಿರುದ್ಧ ನೇರವಾಗಿ ಹಾಕುವ ಅರ್ಜಿ) ಇದೆ. ಬಳ್ಳಾರಿ, ಕೊಪ್ಪಳದವರು ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗಬೇಕು. ಸರ್ಕಾರದ ಮೇಲೆ ಸಿವಿಲ್ ದಾವೆ ಹಾಕುವುದಾದರೆ ಎರಡು ತಿಂಗಳು ಮುಂಚೆ ನೋಟಿಸ್ ಕೊಡಬೇಕು.

ರಾಜಿ, ಅಥವಾ ಕೇಸೇ ಬೇಡ ಅನ್ನುವುದು

ಲೀಗಲ್ ನೋಟಿಸ್ ಹೋದ ಮೇಲೆ ಕೆಲವು ಆಸ್ಪತ್ರೆಯವರು ಕರೆದು ಮಾತಾಡುತ್ತಾರೆ. ಮಾತಾಡಿ, ತಪ್ಪೇನಿಲ್ಲ. ಊರ ಹಿರಿಯರೋ ಲೀಡರುಗಳೋ ಮಧ್ಯೆ ಬಂದು ಕೈಗೆ ಒಂದಿಷ್ಟು ರೊಕ್ಕ ಕೊಟ್ಟು "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಅನ್ನುವ ಬಾಂಡ್ ಪೇಪರಿಗೆ ಸಹಿ ಕೇಳಿದರೆ ಮಾತ್ರ ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ. ಗ್ರಾಹಕರ ಆಯೋಗದಲ್ಲಿ ಸಂಧಾನಕ್ಕೆ ಕಳಿಸುವ ಪದ್ಧತಿ ಇದೆ, ಆದರೆ ವೈದ್ಯಕೀಯ ನಿರ್ಲಕ್ಷ್ಯದಿಂದ ಸಾವು ಅಥವಾ ತೀವ್ರ ಗಾಯವಾದ ಕೇಸುಗಳನ್ನು ಅದಕ್ಕೆ ಕಳಿಸುವ ಹಾಗಿಲ್ಲ ಅಂತ 2020ರ ನಿಯಮವೇ ಹೇಳುತ್ತದೆ.

ಕೇಸ್ ಹಾಕದಿರುವುದೂ ಒಂದು ಆಯ್ಕೆ. ಅದನ್ನು ಹೇಡಿತನ ಅನ್ನುವವರ ಮಾತು ಕೇಳಬೇಡಿ. ದೊಡ್ಡಪ್ಪ ಬೇಡ ಅಂದರು, ಇರುವಷ್ಟು ದಿನ ಮನೆಯಲ್ಲಿ ಕೋರ್ಟಿನ ಮಾತು ಬೇಡ ಅಂದರು, ನಾವು ಒಪ್ಪಿದೆವು. ಫೈಲಿನಲ್ಲಿ ಗಟ್ಟಿ ಇಲ್ಲದಿದ್ದರೆ, ತಪ್ಪಾದ ಭೇಟಿ ಯಾವುದು ಅಂತ ಬೆರಳಿಟ್ಟು ತೋರಿಸಲಾಗದಿದ್ದರೆ, ಓಡಾಡುವ ಮಗನೇ ಆರೈಕೆ ಮಾಡುವವನೂ ಆಗಿದ್ದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಆದರೆ ಅದೇ ಡಾಕ್ಟರ್ ಹತ್ತಿರ ಪದೇಪದೇ ಹೋಗಿದ್ದೀರಿ, ಚೀಟಿಗಳಿವೆ, ಯಾವ ಪರೀಕ್ಷೆಯನ್ನೂ ಬರೆದಿಲ್ಲ, ಸ್ಟೇಜ್ ಏರಿದೆ, ಮನೆಯಲ್ಲಿ ದುಡಿಯುವವರೇ ಮಲಗಿದ್ದಾರೆ ಅಂದರೆ ಹಾಕಿ. ಅದು ನಿಮ್ಮ ಮಕ್ಕಳ ಅನ್ನದ ಪ್ರಶ್ನೆ. ಎರಡಕ್ಕೂ ರೋಗಿಯ ಒಪ್ಪಿಗೆ ಮುಖ್ಯ, ಅವರನ್ನು ಕೇಳದೆ ಅಣ್ಣತಮ್ಮಂದಿರು ಕೂತು ತೀರ್ಮಾನ ಮಾಡುವುದು ಸರಿಯಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಎಸ್‌ಸಿ ಎಸ್‌ಟಿಯವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯದ ಮಿತಿ ಇದೆ. ಫೋನ್ ನಂಬರ್ 15100. ಗ್ರಾಹಕರ ಸಹಾಯವಾಣಿ 1915. ಖಾಸಗಿ ವಕೀಲರಾದರೆ ಫೀ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. "ಗೆದ್ದರೆ ಇಷ್ಟು ಪರ್ಸೆಂಟ್" ಅನ್ನುವ ಒಪ್ಪಂದ ವಕೀಲರ ನಿಯಮಕ್ಕೇ ವಿರುದ್ಧ. ಹೋಗುವಾಗ ತಾರೀಕಿನ ಹಾಳೆ, ಚೀಟಿಗಳ ಎರಡು ಸೆಟ್ ಜೆರಾಕ್ಸ್, ಮೊದಲ ಬಯಾಪ್ಸಿ ರಿಪೋರ್ಟ್, ರೋಗಿಯ ಆಧಾರ್, ದಾಖಲೆ ಕೇಳಿ ಬರೆದ ಅರ್ಜಿಯ ನಕಲು ತಗೊಂಡು ಹೋಗಿ. ಮೂಲ ಚೀಟಿಗಳನ್ನು ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ತನ್ನಿ.